ಡಬ್ಬಿಯ ಜೊತೆ ಬಂದ ಕರಪತ್ರ

ಕಳೆದ ದೀಪಾವಳಿಗೆ ಹಾಸನಕ್ಕೆ ಹೋದಾಗ ಚಿಕ್ಕಮ್ಮನ ಅಡುಗೆಮನೆಯ ಕಟ್ಟೆಯ ಮೇಲೆ, ಕಾಫಿಪುಡಿಯ ಡಬ್ಬಿಯ ಪಕ್ಕದಲ್ಲಿ, ಹೊಸದೊಂದು ಡಬ್ಬಿ ಕಂಡಿತು. ಬಿಳಿ ಡಬ್ಬಿ, ಬಂಗಾರದ ಬಣ್ಣದ ಮುಚ್ಚಳ. ಬೆಳಿಗ್ಗೆ ಕಾಫಿಗೆ ಮುಂಚೆ ಅದರಿಂದ ಒಂದು ಚಮಚ ಪುಡಿಯನ್ನು ಬೆಚ್ಚಗಿನ ನೀರಿಗೆ ಕದಡಿ, ಮುಖ ಕಿವುಚಿಕೊಂಡು ಕುಡಿದರು. ಏನದು ಎಂದು ಕೇಳಿದೆ. "ಪೆಪ್ಟೈಡ್ ಕಣೇ. ಮುಖ ಬಿಗಿಯಾಗುತ್ತಂತೆ. ಕನ್ನಡದಲ್ಲೇ ಬರ್ದಿದಾರೆ ನೋಡು, ಚೆನ್ನಾಗಿದೆ" ಎಂದು ಡಬ್ಬಿಯ ಜೊತೆ ಬಂದಿದ್ದ ಕರಪತ್ರವನ್ನು ಕೈಗಿಟ್ಟರು.

ಓದಿದೆ. ಚೆನ್ನಾಗಿಯೇ ಇತ್ತು. ಅದನ್ನು ಬರೆದವಳು ನಾನೇ.

ಎರಡು ವರ್ಷದ ಹಿಂದೆ ನನ್ನ ಫೆಲೋಶಿಪ್ ಹಣ ಐದು ತಿಂಗಳು ಬಂದಿರಲಿಲ್ಲ. ಹಾಸ್ಟೆಲ್ಲಿನ ಮೆಸ್ ಬಿಲ್ ಕಟ್ಟಲು ಸಿಕ್ಕ ಅನುವಾದದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತಿದ್ದೆ. ಪದಕ್ಕೆ ಒಂದೂವರೆ ರೂಪಾಯಿ. ಬಿತ್ತನೆ ಬೀಜ, ವಿಮೆ, ಮಿಕ್ಸಿ ಎಲ್ಲ ಆಗಿತ್ತು, ಇದೂ ಒಂದು. ಮೂಲ ಇಂಗ್ಲಿಷ್ ವಾಕ್ಯ ಈಗಲೂ ನನ್ನ ಬಳಿ ಇದೆ. ಅದನ್ನು ಏನೂ ಸೇರಿಸದೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ‘ಅಧ್ಯಯನಕ್ಕೆ ಒಳಪಟ್ಟಿರುವ ಕೊಲಾಜೆನ್ ಪೆಪ್ಟೈಡ್‌ಗಳು, ಚರ್ಮದ ಬಿಗಿಯನ್ನು ಕಾಪಾಡಿಕೊಳ್ಳಲು ನೆರವಾಗಬಹುದು.’ ನಾನು ಮೊದಲು ಕಳಿಸಿದ್ದು ಹೆಚ್ಚುಕಡಿಮೆ ಇದನ್ನೇ. ಕೆಲಸ ಕೊಟ್ಟವರು ಫೋನ್ ಮಾಡಿ, "ಕನ್ನಡ ಸಪ್ಪೆ ಆಯ್ತು ಮೇಡಂ, ಸ್ವಲ್ಪ ಗಟ್ಟಿಯಾಗಿ ಬರೀರಿ" ಎಂದರು. ಗಟ್ಟಿಯಾಗಿ ಬರೆದೆ: ‘ವೈಜ್ಞಾನಿಕವಾಗಿ ಸಾಬೀತಾದ ಪೆಪ್ಟೈಡ್‌ಗಳು. ಜಾರುತ್ತಿರುವ ಯೌವನವನ್ನು ನಿಮ್ಮ ಮುಖಕ್ಕೆ ಮರಳಿ ತರುತ್ತವೆ.’

ಬದಲಾದದ್ದು ಎರಡೇ ಕಡೆ. ‘ಅಧ್ಯಯನಕ್ಕೆ ಒಳಪಟ್ಟಿರುವ’ ಎಂಬುದು ‘ಸಾಬೀತಾದ’ ಎಂದಾಯಿತು. ಅಧ್ಯಯನ ಮಾಡಿದ್ದೆಲ್ಲ ಸಾಬೀತಾಗಿರಬೇಕಿಲ್ಲ. ಪರೀಕ್ಷೆಗೆ ಕೂತವರೆಲ್ಲ ಪಾಸಾಗುವುದಿಲ್ಲವಲ್ಲ. ‘ನೆರವಾಗಬಹುದು’ ಎಂಬುದು ‘ತರುತ್ತವೆ’ ಎಂದಾಯಿತು. ನಮ್ಮ ಭಾಷೆಯಲ್ಲಿ ಸಂಶಯ ವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ, ಮೂರೇ ಅಕ್ಷರದಲ್ಲಿ ಇರುತ್ತದೆ: ‘ಬಹುದು’. ಅದನ್ನು ಕತ್ತರಿಸಿದರೆ ಗಾಯ ಕಾಣುವುದಿಲ್ಲ, ವಾಕ್ಯ ಇನ್ನಷ್ಟು ಚೆಂದ ಕಾಣುತ್ತದೆ. ಹಾಗೆ ಚೆಂದ ಮಾಡಿದ ವಾಕ್ಯವನ್ನು ನಂಬಿ ಪ್ರೌಢಶಾಲೆಯ ಶಿಕ್ಷಕಿಯಾದ ನನ್ನ ಚಿಕ್ಕಮ್ಮ ತಿಂಗಳಿಗೆ 2,400 ರೂಪಾಯಿ ಕೊಡುತ್ತಿದ್ದರು.

ಹಾಗಾಗಿ ಈ ಬರಹ ಆ ಕರಪತ್ರದ ವಿಮರ್ಶೆ. ನಾನು ಸಾಹಿತ್ಯದ ವಿದ್ಯಾರ್ಥಿ. ಆಧುನಿಕ ಕನ್ನಡ ನಾಟಕಗಳು ಪುರಾಣವನ್ನು ಹೇಗೆ ಮರಳಿ ಬಳಸಿಕೊಂಡವು ಎಂಬುದು ನನ್ನ ಸಂಶೋಧನೆಯ ವಿಷಯ. ಜೀವರಸಾಯನ ನನ್ನ ಕ್ಷೇತ್ರವಲ್ಲ. ಆದರೆ ಕಳೆದ ಕೆಲವು ತಿಂಗಳಲ್ಲಿ, ಪಕ್ಕದ ಕೋಣೆಯ ಜೀವರಸಾಯನದ ಗೆಳತಿಯನ್ನು ಪೀಡಿಸುತ್ತ, ಮೂಲ ಪ್ರಬಂಧಗಳನ್ನು ಓದಿದೆ. ಕತ್ತರಿಸಿದ ‘ಬಹುದು’ವನ್ನು ಮತ್ತೆ ಅಂಟಿಸಿದರೆ ಸಾಕೇ, ಅಥವಾ ಆ ವಾಕ್ಯವೇ ಇರಬಾರದಿತ್ತೇ ಎಂದು ತಿಳಿಯುವುದು ನನ್ನ ಉದ್ದೇಶವಾಗಿತ್ತು.

ಮೊದಲು ಪದ. ಅಮೈನೋ ಆಮ್ಲಗಳನ್ನು ಅಕ್ಷರಗಳೆಂದುಕೊಳ್ಳಿ. ನಮ್ಮ ಶರೀರ ಪ್ರೋಟೀನ್ ಕಟ್ಟಲು ಬಳಸುವುದು ಮುಖ್ಯವಾಗಿ ಇಪ್ಪತ್ತು ಅಕ್ಷರ. ಕೆಲವೇ ಅಕ್ಷರಗಳು ಕೂಡಿದರೆ ಪೆಪ್ಟೈಡ್; ನೂರಾರು, ಸಾವಿರಾರು ಕೂಡಿ ಮಡಚಿಕೊಂಡರೆ ಪ್ರೋಟೀನ್. ಅಂದರೆ ‘ಪೆಪ್ಟೈಡ್’ ಎನ್ನುವುದು ಒಂದು ವಸ್ತುವಿನ ಹೆಸರೇ ಅಲ್ಲ; ‘ಪದ’ ಎಂದ ಹಾಗೆ, ಒಂದು ಜಾತಿಯ ಹೆಸರು. 1921ರಲ್ಲಿ ಟೊರೊಂಟೊದಲ್ಲಿ ಪತ್ತೆಯಾಗಿ ಕೋಟ್ಯಂತರ ಜೀವ ಉಳಿಸಿದ, 51 ಅಮೈನೋ ಆಮ್ಲಗಳ ಇನ್ಸುಲಿನ್ ಕೂಡ ಪೆಪ್ಟೈಡ್. ಚಿಕ್ಕಮ್ಮನ ಡಬ್ಬಿಯ ಪುಡಿಯೂ ಪೆಪ್ಟೈಡ್. ಜಾಹೀರಾತಿಗೆ ಈ ಪದ ಇಷ್ಟವಾಗುವುದು ಇದಕ್ಕೇ. ಒಂದು ಕಡೆ ಗಳಿಸಿದ ಮರ್ಯಾದೆಯನ್ನು ಇನ್ನೊಂದು ಕಡೆ ಖರ್ಚು ಮಾಡಲು ಬರುತ್ತದೆ.

ಡಬ್ಬಿಯಲ್ಲಿರುವುದು ಕೊಲಾಜೆನ್ನಿನ ಚೂರುಗಳು. ಕೊಲಾಜೆನ್ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಡುವ ಹುರಿ. ಶರೀರದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಶೇ. 30 ಅದೇ. ಅದರ ರಚನೆಯನ್ನು ಬಿಡಿಸಿದ ಕಥೆ ನಮ್ಮ ನೆರೆಯಲ್ಲೇ ನಡೆದದ್ದು. 1952ರಲ್ಲಿ ಮದರಾಸಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್ ಅವರ ಮಾತಿನಿಂದ ಜಿ.ಎನ್. ರಾಮಚಂದ್ರನ್ ಅವರಿಗೆ ಕೊಲಾಜೆನ್ ಮೇಲೆ ಕುತೂಹಲ ಹುಟ್ಟಿತು. ಕಾಂಗರೂ ಬಾಲದ ಸ್ನಾಯುರಜ್ಜುವನ್ನು ತರಿಸಿ, ಎಕ್ಸ್-ರೇ ಹಾಯಿಸಿ, ಗೋಪೀನಾಥ್ ಕರ್ತಾ ಅವರ ಜೊತೆ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ್ದು ಮೂರೆಳೆಯ ರಚನೆ. ಮರುವರ್ಷ ಅದನ್ನು ತಿದ್ದಿ, ಮೂರೆಳೆಯೂ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದು ತೋರಿಸಿದರು. ಇದೇ ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೈವಿಕಭೌತ ವಿಭಾಗ ಕಟ್ಟಿದವರು.

ಆ ರಚನೆಯಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ತಪ್ಪದೆ ಗ್ಲೈಸಿನ್ ಎಂಬ ಅತಿ ಸಣ್ಣ ಅಮೈನೋ ಆಮ್ಲ ಬರುತ್ತದೆ. ಮೂರು ಮಾತ್ರೆಯ ಗಣ ಸಾಲುದ್ದಕ್ಕೂ ಮರಳಿ ಬಂದ ಹಾಗೆ. ಉಳಿದೆರಡು ಸ್ಥಾನಗಳಲ್ಲಿ ಹೆಚ್ಚಾಗಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್. ಈ ಹೈಡ್ರಾಕ್ಸಿಪ್ರೋಲಿನ್ ತಯಾರಾಗಲು ವಿಟಮಿನ್ ಸಿ ಬೇಕು. ಅದಿಲ್ಲದೆ ಹುರಿ ಸಡಿಲವಾಗುತ್ತದೆ. ಹಳೆಯ ಕಾಲದ ನಾವಿಕರಿಗೆ ವಸಡು ಕೊಳೆತು ಗಾಯ ಬಿಚ್ಚಿಕೊಳ್ಳುತ್ತಿದ್ದ ಸ್ಕರ್ವಿ ಬರುತ್ತಿದ್ದದ್ದು ಹೀಗೆ. ವಯಸ್ಸಾದಂತೆ ಚರ್ಮದಲ್ಲಿ ಕೊಲಾಜೆನ್ ಕಡಿಮೆಯಾಗುವುದೂ ನಿಜ, ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಆ ಇಳಿತ ಜೋರಾಗುವುದೂ ನಿಜ. ಕರಪತ್ರದಲ್ಲಿ ಇಷ್ಟು ಭಾಗ ಸುಳ್ಳಲ್ಲ. ಪ್ರಶ್ನೆ ಮುಂದಿನ ಹೆಜ್ಜೆಯದು: ಕಡಿಮೆಯಾದದ್ದನ್ನು ಬಾಯಿಂದ ತಿಂದರೆ ಮುಖಕ್ಕೆ ಹೋಗಿ ಸೇರುತ್ತದೆಯೇ?

ಇದನ್ನು ಅಲ್ಲಗಳೆಯುವವರ ವಾದ ಸರಳ. ಹೊಟ್ಟೆಗೆ ಹೋದ ಪ್ರೋಟೀನ್ ಎಲ್ಲ ಜೀರ್ಣವಾಗಿ ಅಕ್ಷರ ಅಕ್ಷರವಾಗಿ ಒಡೆಯುತ್ತದೆ. ಬೇಳೆಯಿಂದ ಬಂದ ಗ್ಲೈಸಿನ್‌ಗೂ ಡಬ್ಬಿಯಿಂದ ಬಂದ ಗ್ಲೈಸಿನ್‌ಗೂ ವ್ಯತ್ಯಾಸ ಶರೀರಕ್ಕೆ ತಿಳಿಯದು. ಪೆಪ್ಟೈಡನ್ನು ಬಾಯಿಂದ ಕೊಡುವುದು ನಿಜಕ್ಕೂ ಕಷ್ಟ. ಇನ್ಸುಲಿನ್ ಇಂದಿಗೂ ಚುಚ್ಚಿಕೊಳ್ಳಬೇಕಾಗಿರುವುದು ಅದಕ್ಕೇ. ಈಗ ಸುದ್ದಿಯಲ್ಲಿರುವ ಸೆಮಾಗ್ಲುಟೈಡ್ ಮದ್ದನ್ನು ಸಕ್ಕರೆ ಕಾಯಿಲೆಗೆ ವಾರಕ್ಕೊಮ್ಮೆ 1 ಮಿಲಿಗ್ರಾಂ ಚುಚ್ಚಿದರೆ ನಡೆಯುತ್ತದೆ. ಮಾತ್ರೆಯಾಗಿ ನುಂಗುವುದಾದರೆ ದಿನಕ್ಕೆ 14 ಮಿಲಿಗ್ರಾಂವರೆಗೆ ಬೇಕು. ಹೊಟ್ಟೆಯ ಗೋಡೆ ದಾಟಿಸಲು ಜೊತೆಗೊಂದು ಸಹಾಯಕ ರಾಸಾಯನಿಕ ಸೇರಿಸಿದರೂ ರಕ್ತ ಸೇರುವುದು ನುಂಗಿದ್ದರಲ್ಲಿ ಸುಮಾರು ಶೇ. 1 ಮಾತ್ರ.

ಈ ವಾದ ಓದಿದಾಗ ನನಗೆ ಒಳಗೊಳಗೆ ಖುಷಿಯಾಯಿತು. ಲೇಖನ ಇಲ್ಲಿಗೇ ಮುಗಿಸಬಹುದಲ್ಲ ಎನಿಸಿತು. ಗೆಳತಿ ಬಿಡಲಿಲ್ಲ. 2005ರಲ್ಲಿ ಜಪಾನಿನ ಸಂಶೋಧಕರು ಕೊಲಾಜೆನ್ ಚೂರುಗಳನ್ನು ಜನರಿಗೆ ಕುಡಿಸಿ ಆಮೇಲೆ ರಕ್ತ ಪರೀಕ್ಷಿಸಿದ ಪ್ರಬಂಧವನ್ನು ಮುಂದಿಟ್ಟಳು. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಜೋಡಿ, ಒಡೆಯದೆ, ಎರಡಕ್ಷರದ ಪೆಪ್ಟೈಡಾಗಿಯೇ ರಕ್ತದಲ್ಲಿ ಸಿಕ್ಕಿತ್ತು. ಈ ಜೋಡಿಯನ್ನು ನಮ್ಮ ಜೀರ್ಣರಸಗಳು ಸುಲಭವಾಗಿ ಕಡಿಯಲಾರವು. ಅಂದರೆ ‘ಎಲ್ಲವೂ ಒಡೆದುಹೋಗುತ್ತದೆ’ ಎನ್ನುವುದು ಪೂರ್ತಿ ನಿಜವಲ್ಲ. ಆ ಜೋಡಿ ಚರ್ಮದ ಕೋಶಗಳಿಗೆ ‘ಹುರಿ ಹರಿದಿದೆ, ಹೊಸದು ಹೊಸೆಯಿರಿ’ ಎಂಬ ಸುದ್ದಿ ಮುಟ್ಟಿಸುತ್ತದೆಯೇನೋ ಎಂಬ ಊಹೆಗೆ ಜಾಗ ಇದೆ. ಆದರೆ ರಕ್ತದಲ್ಲಿ ಸಿಕ್ಕಿತು ಎಂದರೆ ಸುಕ್ಕು ಹೋಯಿತು ಎಂದಲ್ಲ. ಕಾಗದ ಅಂಚೆಗೆ ಬಿದ್ದಿದೆ, ಅಷ್ಟೇ. ತಲುಪಿತೇ, ತಲುಪಿದವರು ಓದಿದರೇ ಎಂದು ನೋಡಬೇಕಾದರೆ ಮನುಷ್ಯರ ಮೇಲಿನ ಪ್ರಯೋಗಗಳಿಗೇ ಹೋಗಬೇಕು.

ಪ್ರಯೋಗಗಳು ಇವೆ. ಹೆಚ್ಚಾಗಿ ಉಲ್ಲೇಖವಾಗುವುದು 2014ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ. 35ರಿಂದ 55 ವಯಸ್ಸಿನ 69 ಹೆಂಗಸರು. ಕೆಲವರಿಗೆ ದಿನಕ್ಕೆ 2.5 ಗ್ರಾಂ ಕೊಲಾಜೆನ್ ಚೂರು, ಕೆಲವರಿಗೆ 5 ಗ್ರಾಂ, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಪುಡಿ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಕುಡಿದವರಿಗೂ ತಿಳಿಯದು. ಎಂಟು ವಾರದ ಕೊನೆಗೆ ಕೊಲಾಜೆನ್ ಕುಡಿದವರ ಚರ್ಮದ ಸ್ಥಿತಿಸ್ಥಾಪಕತೆ, ಅಂದರೆ ಎಳೆದು ಬಿಟ್ಟಾಗ ಮತ್ತೆ ಮೊದಲಿನಂತಾಗುವ ಗುಣ, ಹುಸಿ ಪುಡಿ ಕುಡಿದವರಿಗಿಂತ ಹೆಚ್ಚಿತ್ತು. ಲೆಕ್ಕಾಚಾರದ ದೃಷ್ಟಿಯಿಂದ ಆಕಸ್ಮಿಕ ಎನ್ನಲಾಗದಷ್ಟು ಹೆಚ್ಚು. ಅದೇ ಅಧ್ಯಯನದಲ್ಲಿ ಚರ್ಮದ ತೇವಾಂಶವನ್ನೂ ಅಳೆದಿದ್ದರು. ಅಲ್ಲಿನ ವ್ಯತ್ಯಾಸ ಆ ಮಟ್ಟ ಮುಟ್ಟಲಿಲ್ಲ. ನಾನು ಅನುವಾದಿಸಿದ ಕರಪತ್ರದಲ್ಲಿ ‘ತೇವಭರಿತ ಹೊಳಪು’ ಎಂಬುದೂ ಇತ್ತು.

ಇಂಥ ಪ್ರಯೋಗಗಳು ಒಂದೆರಡಲ್ಲ, ಹತ್ತಾರು. ಒಂದೊಂದೂ ಚಿಕ್ಕದು. ಎಲ್ಲವನ್ನೂ ಒಟ್ಟಿಗೆ ಹಾಕಿ ಲೆಕ್ಕ ಮಾಡುವುದಕ್ಕೆ ಮೆಟಾ-ಅನಾಲಿಸಿಸ್ ಎನ್ನುತ್ತಾರೆ. 2021ರಲ್ಲಿ ಬಂದ ಒಂದು, 19 ಪ್ರಯೋಗಗಳ 1,125 ಜನರನ್ನು ಒಟ್ಟು ಮಾಡಿ, ತೇವಾಂಶ, ಸ್ಥಿತಿಸ್ಥಾಪಕತೆ, ಸುಕ್ಕು ಮೂರರಲ್ಲೂ ಲಾಭ ಇದೆ ಎಂದಿತು. 2023ರ ಇನ್ನೊಂದು, 26 ಪ್ರಯೋಗಗಳ 1,721 ಜನರ ಲೆಕ್ಕ ಹಾಕಿ, ತೇವಾಂಶ ಮತ್ತು ಸ್ಥಿತಿಸ್ಥಾಪಕತೆಯಲ್ಲಿ ಲಾಭ ಇದೆ ಎಂದಿತು. ಇಷ್ಟು ಓದಿದಾಗ ನನ್ನ ‘ಸಾಬೀತಾದ’ ಎಂಬ ಮಾತಿಗೆ ನಾನೇ ಒಂದು ಕ್ಷಣ ಸಮರ್ಥನೆ ಹುಡುಕಿದೆ ಎಂದು ಒಪ್ಪಿಕೊಳ್ಳಬೇಕು.

ಆಮೇಲೆ 2025ರದ್ದು ಓದಿದೆ. ಕೊರಿಯಾದ ಸಂಶೋಧಕರು ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಈ ವಿಶ್ಲೇಷಣೆಯಲ್ಲಿ 23 ಪ್ರಯೋಗ, 1,474 ಜನ. ಎಲ್ಲವನ್ನೂ ಕೂಡಿಸಿದಾಗ ಇವರಿಗೂ ಮೂರರಲ್ಲೂ ಲಾಭವೇ ಕಂಡಿತು. ಅಷ್ಟಕ್ಕೇ ನಿಲ್ಲದೆ ಅವರು ಎರಡು ಪ್ರಶ್ನೆ ಕೇಳಿದರು. ಈ ಪ್ರಯೋಗಕ್ಕೆ ಹಣ ಕೊಟ್ಟವರು ಯಾರು? ಇದನ್ನು ನಡೆಸಿದ ಗುಣಮಟ್ಟ ಹೇಗಿದೆ? ಹಾಗೆ ವಿಂಗಡಿಸಿದಾಗ, ಕಂಪನಿಗಳ ಹಣ ಪಡೆದ ಪ್ರಯೋಗಗಳಲ್ಲಿ ಲಾಭ ಉಳಿಯಿತು. ಪಡೆಯದ ಪ್ರಯೋಗಗಳಲ್ಲಿ ತೇವಾಂಶದಲ್ಲೂ ಇಲ್ಲ, ಸ್ಥಿತಿಸ್ಥಾಪಕತೆಯಲ್ಲೂ ಇಲ್ಲ, ಸುಕ್ಕಿನಲ್ಲೂ ಇಲ್ಲ. ಉತ್ತಮ ಗುಣಮಟ್ಟದ ಪ್ರಯೋಗಗಳನ್ನಷ್ಟೇ ಇಟ್ಟುಕೊಂಡಾಗಲೂ ಲಾಭ ಕಾಣಲಿಲ್ಲ.

ನಾನು ಈ ಪ್ರಬಂಧವನ್ನು ಎರಡು ಸಲ ಓದಿದೆ. ನಮ್ಮ ತರಗತಿಗಳಲ್ಲಿ ನಾವು ಕಲಿಯುವುದು ಇದನ್ನೇ ಅಲ್ಲವೇ? ಶಾಸನ ಓದುವಾಗ ಕೆತ್ತಿಸಿದ್ದು ಯಾರು, ದಾನ ಯಾರದ್ದು ಎಂದು ಮೊದಲು ನೋಡು. ಕಾವ್ಯದಲ್ಲಿ ರಾಜನ ಹೊಗಳಿಕೆ ಬಂದರೆ ಕವಿಗೆ ಆಶ್ರಯ ಕೊಟ್ಟವರು ಯಾರೆಂದು ನೋಡು. ಹಾಗೆಂದು ಆಶ್ರಯ ಪಡೆದ ಕವಿ ಬರೆದದ್ದೆಲ್ಲ ಸುಳ್ಳು ಎನ್ನುವುದಿಲ್ಲ. ತೂಗುವಾಗ ಅದನ್ನೂ ತಕ್ಕಡಿಗೆ ಹಾಕುತ್ತೇವೆ. ಕಂಪನಿಯ ಹಣ ಪಡೆದ ವಿಜ್ಞಾನಿ ಅಂಕಿ ತಿದ್ದಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಯಾವುದನ್ನು ಅಳೆಯಬೇಕು, ಎಷ್ಟು ವಾರ ನೋಡಬೇಕು, ಯಾವ ಫಲಿತಾಂಶವನ್ನು ಪ್ರಕಟಿಸಿ ಯಾವುದನ್ನು ಮೇಜಿನ ಖಾನೆಯಲ್ಲಿ ಇಡಬೇಕು ಎಂಬ ಆಯ್ಕೆಗಳಲ್ಲೇ ಒಲವು ಬಂದು ಸೇರುತ್ತದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಕಂಪನಿಯ ಹಣವಿಲ್ಲದ ಪ್ರಯೋಗಗಳ ಸಂಖ್ಯೆಯೇ ಕಡಿಮೆ. ‘ಲಾಭ ಕಾಣಲಿಲ್ಲ’ ಎಂಬುದಕ್ಕೂ ‘ಲಾಭವಿಲ್ಲವೆಂದು ಸಾಬೀತಾಯಿತು’ ಎಂಬುದಕ್ಕೂ ಅಂತರ ಇದೆ. ‘ಬಹುದು’ವನ್ನು ಈ ಕಡೆಯಿಂದಲೂ ಕತ್ತರಿಸಬಾರದು.

ಇನ್ನೊಂದು ಮಾತು. ಉಪಕರಣ ಅಳೆಯುವುದೇ ಬೇರೆ, ಕನ್ನಡಿ ತೋರಿಸುವುದೇ ಬೇರೆ. ಆಕಸ್ಮಿಕವಲ್ಲ ಎಂದಾಕ್ಷಣ ದೊಡ್ಡದು ಎಂದಾಗುವುದಿಲ್ಲ. ಎಂಟು ವಾರದ ಕೊನೆಗೆ ಉಪಕರಣಕ್ಕೆ ಸಿಕ್ಕ ಸಣ್ಣ ವ್ಯತ್ಯಾಸವನ್ನು ‘ಮರಳಿ ಬಂದ ಯೌವನ’ ಎಂದು ಕರೆದದ್ದು ವಿಜ್ಞಾನಿಗಳಲ್ಲ, ನಾನು.

ಪೆಪ್ಟೈಡ್ ಮಾರುಕಟ್ಟೆ ಕೊಲಾಜೆನ್ನಿಗೆ ನಿಂತಿಲ್ಲ. ಅದರಲ್ಲಿ ಇನ್ನೂ ಮೂರು ಹೆಸರು ಪದೇಪದೇ ಕೇಳಿಸುತ್ತವೆ. ಮೂರರ ಪುರಾವೆಯೂ ಒಂದೊಂದು ಬಗೆಯಲ್ಲಿ ಕುಂಟುತ್ತದೆ. ಮೊದಲನೆಯದು ತಾಮ್ರವನ್ನು ಹಿಡಿದುಕೊಳ್ಳುವ, ಮೂರೇ ಅಮೈನೋ ಆಮ್ಲದ ಜಿಎಚ್‌ಕೆ. 1973ರಲ್ಲಿ ಲೊರೆನ್ ಪಿಕಾರ್ಟ್ ಇದನ್ನು ಮನುಷ್ಯರ ರಕ್ತದಲ್ಲಿ ಗುರುತಿಸಿದರು. ಗಾಯ ಮಾಯುವುದರಲ್ಲಿ ಅದಕ್ಕೆ ಪಾತ್ರ ಇದೆ ಎನ್ನಲು ಪ್ರಯೋಗಾಲಯದ ಆಧಾರಗಳಿವೆ. ಆದರೆ ಅದರ ಗುಣಗಾನದ ದೊಡ್ಡ ಪಾಲು ಪಿಕಾರ್ಟರ ಲೇಖನಗಳಿಂದಲೇ ಬರುತ್ತದೆ, ಅವರು ಅದನ್ನು ಮಾರುವ ಕಂಪನಿಗಳನ್ನೂ ಕಟ್ಟಿದವರು. ಎರಡನೆಯದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವ್ಲಾದಿಮಿರ್ ಖವಿನ್ಸನ್ ಅವರ ಗುಂಪು ಪ್ರಚುರಪಡಿಸಿದ, ನಾಲ್ಕು ಅಮೈನೋ ಆಮ್ಲದ ಎಪಿಟಲಾನ್. ಆಯುಷ್ಯ ಹೆಚ್ಚಿಸುತ್ತದೆ ಎಂಬ ಹಕ್ಕುಮಂಡನೆ ಬಹುಪಾಲು ಆ ಒಂದೇ ಗುಂಪಿನ ಕೆಲಸದ ಮೇಲೆ ನಿಂತಿದೆ. ಒಂದೇ ಹಸ್ತಪ್ರತಿ ಇರುವ ಕೃತಿಯ ಹಾಗೆ. ಪಾಠವನ್ನು ಹೋಲಿಸಿ ನೋಡಲು ಇನ್ನೊಂದು ಪ್ರತಿ ಬೇಕು. ಮೂರನೆಯದು ಬಿಪಿಸಿ-157, ಹದಿನೈದು ಅಮೈನೋ ಆಮ್ಲದ್ದು. ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಶುರುವಾದ ಇದರ ಅಧ್ಯಯನಗಳು ಬಹುಪಾಲು ಇಲಿಗಳ ಮೇಲೆ ನಡೆದವು. ಮನುಷ್ಯರ ಮೇಲೆ ನಡೆದದ್ದು ಬೆರಳೆಣಿಕೆಯಷ್ಟು. ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ಅದನ್ನು ಕ್ರೀಡಾಪಟುಗಳಿಗೆ ನಿಷೇಧಿಸಿತು. 2023ರಲ್ಲಿ ಅಮೆರಿಕದ ಎಫ್‌ಡಿಎ ಅದನ್ನು ಸುರಕ್ಷತೆಯ ಬಗ್ಗೆ ಕಳವಳ ಇರುವ ಪದಾರ್ಥಗಳ ಪಟ್ಟಿಗೆ ಹಾಕಿತು. ಆದರೂ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಂಟಿಸಿಕೊಂಡು ಸೀಸೆಗಳು ಮಾರಾಟವಾಗುತ್ತವೆ, ಜನ ಚುಚ್ಚಿಕೊಳ್ಳುತ್ತಾರೆ. ಕೊಲಾಜೆನ್ ಪುಡಿಯಿಂದ ಸಾಮಾನ್ಯವಾಗಿ ಆಗುವ ನಷ್ಟ ಹಣದ್ದು. ಚುಚ್ಚಿಕೊಳ್ಳುವವರ ನಷ್ಟ ಹಣಕ್ಕೆ ನಿಲ್ಲದೇ ಹೋಗಬಹುದು.

"ಆದ್ರೆ ತಗೊಂಡೋರು ಚೆನ್ನಾಗಿದೆ ಅಂತಾರಲ್ಲ?" ಎಂದು ಚಿಕ್ಕಮ್ಮ ಕೇಳಿದ್ದರು. ಅವರ ಶಾಲೆಯ ಸಹೋದ್ಯೋಗಿಯೊಬ್ಬರಿಗೆ ಮುಖ ಕಳೆಕಳೆಯಾಗಿದೆಯಂತೆ. ಇದಕ್ಕೆ ಉತ್ತರ ಹುಡುಕುವಾಗ ಸಿಕ್ಕಿದ್ದು 1889ರ ಪ್ಯಾರಿಸ್. ಆ ವರ್ಷದ ಜೂನ್ 1ರಂದು 72 ವರ್ಷದ ಶಾರ್ಲ್ ಬ್ರೌನ್-ಸೆಕಾರ್, ಆ ಕಾಲದ ಹೆಸರಾಂತ ಶರೀರವಿಜ್ಞಾನಿ, ವಿದ್ವಾಂಸರ ಸಭೆಯಲ್ಲಿ ಎದ್ದುನಿಂತು ತಾನು ನಾಯಿ ಮತ್ತು ಗಿನಿಪಿಗ್‌ಗಳ ವೃಷಣದ ರಸವನ್ನು ಚುಚ್ಚಿಕೊಂಡಿರುವುದಾಗಿ ಹೇಳಿದರು. ತೋಳಿನ ಬಲ ಹೆಚ್ಚಿದೆ, ಮೆಟ್ಟಿಲು ಹತ್ತಲು ಆಯಾಸವಿಲ್ಲ, ಹೊತ್ತುಗಟ್ಟಲೆ ಬರೆಯಲು ಸಾಧ್ಯವಾಗುತ್ತಿದೆ ಎಂದರು. ಬರೀ ಮಾತಲ್ಲ, ಬಲವನ್ನು ಯಂತ್ರದಲ್ಲಿ ಅಳೆದುಕೊಂಡಿದ್ದರು. ಸುದ್ದಿ ದೇಶದೇಶಕ್ಕೆ ಹಬ್ಬಿತು, ಔಷಧ ಮಾರುವವರು ಮುಗಿಬಿದ್ದರು. 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅವರದೇ ವಿಧಾನದಲ್ಲಿ ನಾಯಿಯ ವೃಷಣದಿಂದ ರಸ ತೆಗೆದು ಪರೀಕ್ಷಿಸಿದಾಗ, ಅದರಲ್ಲಿದ್ದ ಹಾರ್ಮೋನು ಶರೀರದ ಮೇಲೆ ಯಾವ ಪರಿಣಾಮವನ್ನೂ ಮಾಡಲಾರದಷ್ಟು ಅತ್ಯಲ್ಪ ಎಂದು ತಿಳಿಯಿತು. ಮುದುಕ ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜಕ್ಕೂ ಹಾಗನಿಸಿತ್ತು. ಪ್ರಾಮಾಣಿಕವಾದ ಸಾಕ್ಷಿಯೂ ಪುರಾವೆಯಾಗದೇ ಹೋಗುವುದು ಹೀಗೆ. ಹುಸಿ ಪುಡಿಯ ಗುಂಪು ಬೇಕಾಗುವುದೂ ಇದಕ್ಕೇ.

ಹಾಗಾದರೆ ಚರ್ಮದ ಮುಪ್ಪನ್ನು ನಿಧಾನಿಸಬಲ್ಲದ್ದು ಏನೂ ಇಲ್ಲವೇ? ಇದೆ. ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ಒಂದಿದೆ. 55 ದಾಟದ 903 ಜನರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿದರು. ಪ್ರತಿದಿನ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕೆಂದು ಹೇಳಿಸಿಕೊಂಡವರಲ್ಲಿ, ಮನಸ್ಸು ಬಂದಾಗ ಹಚ್ಚಿಕೊಂಡವರಿಗಿಂತ, ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ ಇತ್ತು. ಅಳೆದದ್ದು ಅಂಗೈ ಹಿಂಭಾಗದ ಅಚ್ಚು ತೆಗೆದು. ಅದೇ ಪ್ರಯೋಗದಲ್ಲಿ ಅರ್ಧದಷ್ಟು ಜನಕ್ಕೆ ಬೀಟಾ ಕ್ಯಾರೋಟಿನ್ ಮಾತ್ರೆಯನ್ನೂ, ಉಳಿದವರಿಗೆ ಹುಸಿ ಮಾತ್ರೆಯನ್ನೂ ಕೊಟ್ಟಿದ್ದರು. ಮಾತ್ರೆಯಿಂದ ಒಟ್ಟಾರೆ ಏನೂ ವ್ಯತ್ಯಾಸವಾಗಲಿಲ್ಲ. ಅದು ಬಹುಮಟ್ಟಿಗೆ ಬಿಳಿ ಚರ್ಮದವರ ಊರು. ನಮ್ಮ ಬಣ್ಣದ ಚರ್ಮಕ್ಕೆ ಶೇ. 24 ಎಂದು ಹಾಗೇ ಎತ್ತಿ ಹೇಳಲಾಗದು. ಆದರೂ ಎಂಟು ವಾರಕ್ಕೂ ನಾಲ್ಕೂವರೆ ವರ್ಷಕ್ಕೂ, 69 ಜನಕ್ಕೂ 903 ಜನಕ್ಕೂ ಪುರಾವೆಯ ತೂಕದಲ್ಲಿ ಎಷ್ಟು ಅಂತರ ಎಂದು ನೋಡಿ. ಬಿಸಿಲಿಗೆ ಹೋಗುವಾಗ ಕೊಡೆ ಹಿಡಿ ಎಂದು ಅಜ್ಜಿ ಹೇಳುತ್ತಿದ್ದದ್ದಕ್ಕೆ ಇರುವ ಆಧಾರ ಬಂಗಾರದ ಮುಚ್ಚಳದ ಡಬ್ಬಿಗೆ ಇಲ್ಲ.

ಡಬ್ಬಿಯ ಮೇಲೆ ಇನ್ನೊಂದು ವಾಕ್ಯವಿದೆ, ಅತಿ ಸಣ್ಣ ಅಕ್ಷರದಲ್ಲಿ. ‘ಔಷಧೀಯ ಬಳಕೆಗಲ್ಲ.’ ಇಂಥ ಪೂರಕ ಆಹಾರಗಳು ಹೀಗೆ ಬರೆಯಲೇಬೇಕೆಂದು ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರದ 2016ರ ನಿಯಮ ಹೇಳಿತು. ಒಂದು ಡಬ್ಬಿಯ ಮೇಲೆ ಎರಡು ದನಿ. ದೊಡ್ಡ ಅಕ್ಷರದ ದನಿಗೆ ಮುಪ್ಪು ಒಂದು ಕಾಯಿಲೆ, ತಡೆಯಬೇಕಾದದ್ದು. ಸಣ್ಣ ಅಕ್ಷರದ ದನಿಗೆ ಇಲ್ಲಿ ಕಾಯಿಲೆಯೂ ಇಲ್ಲ, ಮದ್ದೂ ಇಲ್ಲ. ಮದ್ದು ಎಂದರೆ ಪುರಾವೆ ಕೊಡಬೇಕಾಗುತ್ತದೆ.

ನನ್ನ ಸಂಶೋಧನೆಯಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’ಗೆ ಒಂದು ಅಧ್ಯಾಯವಿದೆ. 1961ರಲ್ಲಿ ಪ್ರಕಟವಾದ ಆ ನಾಟಕದಲ್ಲಿ, ಮಹಾಭಾರತದ ಕಥೆಯಲ್ಲಿರುವಂತೆ, ಶಾಪದಿಂದ ಮುಪ್ಪು ತಗುಲಿದ ಅಪ್ಪನಿಗೆ ಮಗ ಪೂರು ತನ್ನ ಯೌವನ ಕೊಡುತ್ತಾನೆ. ಕಾರ್ನಾಡರು ಸೇರಿಸಿದ್ದು ಪೂರುವಿನ ಹೆಂಡತಿ ಚಿತ್ರಲೇಖೆಯನ್ನು. ಆ ಕೊಡುಕೊಳ್ಳುವಿಕೆಯ ಬೆಲೆ ಕೊನೆಗೆ ತನ್ನ ಪ್ರಾಣದಿಂದ ತೆರುವವಳು ಅವಳೇ. ಯೌವನ ಸುಮ್ಮನೆ ಹುಟ್ಟಿ ಬರುವುದಿಲ್ಲ, ಯಾರಾದರೂ ಬೆಲೆ ಕಟ್ಟುತ್ತಾರೆ ಎಂದು ನನ್ನ ಅಧ್ಯಾಯದಲ್ಲಿ ಬರೆದಿದ್ದೇನೆ. ಅದನ್ನು ಬರೆದ ಕೈಯೇ ಈ ಕರಪತ್ರವನ್ನೂ ಬರೆದಿತ್ತು. ಎರಡಕ್ಕೂ ನಡುವೆ ಒಂದು ವಾರದ ಅಂತರವೂ ಇರಲಿಲ್ಲ. ಆಗ ನನಗೆ ಅದು ಹೊಳೆಯಲೇ ಇಲ್ಲ.

ಇಷ್ಟನ್ನೂ ಓದಿಕೊಂಡು ಸಂಕ್ರಾಂತಿಗೆ ಮತ್ತೆ ಹಾಸನಕ್ಕೆ ಹೋದೆ. ಅಡುಗೆಮನೆಯಲ್ಲೇ ನಿಂತು ಎಲ್ಲ ಹೇಳಿದೆ. ಕರಪತ್ರ ಬರೆದದ್ದು ನಾನು ಎಂಬುದನ್ನು ಕೊನೆಗೆ ಹೇಳಿದೆ. ಚಿಕ್ಕಮ್ಮ ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದವರು ನಕ್ಕುಬಿಟ್ಟರು.

"ಅಷ್ಟ್ ಚೆನ್ನಾಗಿ ಬರ್ದೋರು ಯಾರಪ್ಪಾ ಅಂದ್ಕೊಂಡಿದ್ದೆ."

"ಚಿಕ್ಕಮ್ಮ, ‘ಬಹುದು’ ಅಂತ ಇದ್ದಿದ್ದನ್ನ ನಾನು ತೆಗೆದುಬಿಟ್ಟೆ. ಅದು ಇದ್ದಿದ್ರೆ ನೀವು ಕೊಳ್ತಿರಲಿಲ್ಲ."

ಅವರು ಚಾಕು ಕೆಳಗಿಟ್ಟರು. "ಇದ್ದಿದ್ರೂ ಕೊಳ್ತಿದ್ದೆ ಕಣೇ. ಸ್ಟಾಫ್ ರೂಮಲ್ಲಿ ಹೊಸ ಹುಡುಗೀರು ‘ರಿಟೈರ್‌ಮೆಂಟ್ ಯಾವಾಗ ಮೇಡಂ’ ಅಂತ ಕೇಳ್ತಾರೆ. ನಂಗಿನ್ನೂ ಆರು ವರ್ಷ ಇದೆ. ಆಗಬಹುದು ಅಂದ್ರೂ ಸಾಕಿತ್ತು ನಂಗೆ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಬಂಧಗಳಲ್ಲಿ ಚರ್ಮದ ಸ್ಥಿತಿಸ್ಥಾಪಕತೆ ಅಳೆದಿದ್ದರು. ಸ್ಟಾಫ್ ರೂಮನ್ನು ಯಾರೂ ಅಳೆದಿರಲಿಲ್ಲ. ‘ಬಹುದು’ವನ್ನು ಮರಳಿ ಅಂಟಿಸಿಬಿಟ್ಟರೆ ನನ್ನ ತಪ್ಪು ತೀರುತ್ತದೆ ಎಂದುಕೊಂಡಿದ್ದೆ. ಆಸೆಯಿಂದ ಓದುವವರಿಗೆ ‘ಬಹುದು’ ಕೂಡ ‘ಆಗುತ್ತದೆ’ ಎಂದೇ ಕೇಳಿಸುತ್ತದೆ. ಮೂಲ ಇಂಗ್ಲಿಷ್ ಬರೆದವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ‘ಬಹುದು’ ಓದುಗರ ರಕ್ಷಣೆಗೆ ಇಟ್ಟದ್ದಲ್ಲ, ಕಂಪನಿಯ ರಕ್ಷಣೆಗೆ ಇಟ್ಟದ್ದು. ಹಾಗಾಗಿ ಸಂಶಯವನ್ನು ಬರೆದರಷ್ಟೇ ಸಾಲದು; ಎಷ್ಟು ಸಂಶಯ, ಯಾತಕ್ಕೆ ಎಂದೂ ಬರೆಯಬೇಕು.

ಕರಪತ್ರ ಬದಲಿಸಿ ಎಂದು ಕೆಲಸ ಕೊಟ್ಟವರಿಗೆ ಎರಡು ಸಲ ಬರೆದೆ. ಉತ್ತರ ಬಂದಿಲ್ಲ. ಚಿಕ್ಕಮ್ಮ ಆ ಡಬ್ಬಿ ಮುಗಿಸಿದರು, ದುಡ್ಡು ಕೊಟ್ಟಾಗಿದೆಯಲ್ಲ ಎಂದು. ಹೊಸದು ತರಿಸುವ ಮುಂಚೆ ನನಗೊಂದು ಫೋನ್ ಮಾಡುವುದಾಗಿ ಹೇಳಿದ್ದಾರೆ. ಈಗ ಬರೆಯಲು ಹೇಳಿದರೆ ಆ ಕರಪತ್ರದ ಮೊದಲ ಸಾಲನ್ನು ಹೀಗೆ ಬರೆಯುತ್ತೇನೆ. ಗಟ್ಟಿಯಾಗಿಲ್ಲ, ಗೊತ್ತು:

‘ಇದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಕೊಲಾಜೆನ್ ಚೂರು. ಕುಡಿದರೆ ಸ್ವಲ್ಪ ಭಾಗ ರಕ್ತ ಸೇರುತ್ತದೆ. ಚರ್ಮಕ್ಕೆ ಒಳ್ಳೆಯದೆಂದು ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ಮಾರುವವರ ಹಣವಿಲ್ಲದೆ ನಡೆದ ಪ್ರಯೋಗಗಳಲ್ಲಿ ಲಾಭ ಕಂಡಿಲ್ಲ. ಬೆಲೆ 2,400 ರೂಪಾಯಿ.’